ಮಾರುಕಟ್ಟೆಯ ನೀತಿ: ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

‘ಮುಕ್ತ ಮಾರುಕಟ್ಟೆಯ ನೈತಿಕ ತಳಹದಿ’ ಎಂಬ ನಿಮ್ಮ ಲೇಖನವನ್ನು ಓದಿದೆ. ಭಾಷೆ ಸ್ವಚ್ಛವಾಗಿದೆ, ಕೊಪ್ಪಳದ ಯುವಕರೊಬ್ಬರು ಇಂಥ ವಿಷಯವನ್ನು ಕೈಗೆತ್ತಿಕೊಂಡದ್ದು ಸಂತೋಷ. ಆದರೆ ಎರಡು ಕಡೆ ನಾನು ತಡೆದು ನಿಂತೆ. ಆ ಸಾಲುಗಳು ಹಾಗೆಯೇ ಉಳಿದರೆ ಲೇಖನವನ್ನು ಪ್ರಕಟಿಸಲಾರೆ.

‘ಸ್ವಾರ್ಥವೇ ಮಾರುಕಟ್ಟೆಯ ಧರ್ಮವೆಂದು ಆ್ಯಡಂ ಸ್ಮಿತ್ ಸಾರಿದ್ದಾನೆ’ ಎಂದಿದ್ದೀರಿ. ಹದಿನೆಂಟನೇ ಶತಮಾನದ ಆ ಸ್ಕಾಟಿಷ್ ಅರ್ಥಶಾಸ್ತ್ರಜ್ಞ ಹಾಗೆ ಸಾರಿಲ್ಲ. ಕಟುಕನೂ ರೊಟ್ಟಿ ಸುಡುವವನೂ ತಮ್ಮ ಹಿತ ನೋಡಿಕೊಂಡೇ ನಮಗೆ ಊಟ ಒದಗಿಸುತ್ತಾರೆಂದು 1776ರಲ್ಲಿ ಬರೆದವನು, ಅದಕ್ಕೂ ಮೊದಲು 1759ರ ತನ್ನ ನೀತಿಗ್ರಂಥದಲ್ಲಿ, ಪರೋಪಕಾರವಿಲ್ಲದೆಯೂ ಸಮಾಜ ಹೇಗೋ ಬಾಳೀತು, ನ್ಯಾಯವಿಲ್ಲದೆ ಮಾತ್ರ ಬಾಳದು ಎಂದು ವಾದಿಸಿದ್ದ. ‘ವ್ಯಾಪಾರಿಗಳನ್ನು ಅವರ ಪಾಡಿಗೆ ಬಿಟ್ಟರೆ ಬೆಲೆ ತಾನಾಗಿ ನ್ಯಾಯವಾಗುತ್ತದೆ’ ಎಂಬ ನಿಮ್ಮ ಮುಂದಿನ ಸಾಲೂ ನಿಲ್ಲದು. ಒಂದೇ ಕಸುಬಿನವರು ಕೂಡಿದರೆ ಮಾತು ಬೆಲೆ ಏರಿಸುವ ಸಂಚಿಗೆ ತಿರುಗುತ್ತದೆಂದು ಅವನೇ ಎಚ್ಚರಿಸಿದ್ದಾನೆ. ಸ್ವಾತಂತ್ರ್ಯಕ್ಕೆ ಧಕ್ಕೆ ತಾರದೆ ಅಂಥ ಕೂಟಗಳನ್ನು ಕಾನೂನು ತಡೆಯಲಾರದು, ಆದರೆ ಅವಕ್ಕೆ ಅನುಕೂಲ ಮಾಡಿಕೊಡಲೂಬಾರದು ಎಂಬುದು ಅವನ ನಿಲುವು. ಸೀಮಿತ ಸರ್ಕಾರದ ಪರವಾಗಿ ಇದಕ್ಕಿಂತ ಗಟ್ಟಿಯಾದ ಮಾತು ನಿಮಗೆ ಸಿಗದು, ಅದನ್ನೇ ಬಿಟ್ಟಿದ್ದೀರಿ.

ನಾನು ಬರವಣಿಗೆ ಕಲಿತದ್ದು ರಾಯಚೂರಿನ ರಾಜೇಂದ್ರ ಗಂಜ್‌ನ ಮಾರುಕಟ್ಟೆ ಧಾರಣೆ ಬರೆಯುತ್ತ. ‘ಹತ್ತಿಯ ದರ ಕುಸಿಯಿತು’ ಎಂದು ಬರೆದುಕೊಟ್ಟರೆ ನಮ್ಮ ಹಿರಿಯ ಉಪಸಂಪಾದಕರು, ‘ಕೊಂಡವರು ಯಾರು, ರೈತ ಎಲ್ಲಿ ನಿಂತಿದ್ದ?’ ಎಂದು ಕೇಳುತ್ತಿದ್ದರು. ಉತ್ತರ ತರುವವರೆಗೆ ಹಾಳೆ ಮುಟ್ಟುತ್ತಿರಲಿಲ್ಲ. ಹಾಗೆ ಹೋಗಿ ನಿಂತಾಗ, ವರ್ಷದ ಬೆಳೆಯನ್ನು ದಲಾಲಿ ಅಂಗಡಿಯ ಮುಂದೆ ಸುರಿದು, ಬರೀ ಮಾತನ್ನು ನಂಬಿ ಊರಿಗೆ ಮರಳುವ ರೈತನನ್ನು ಕಂಡೆ. ಆ ನಂಬಿಕೆ ಉಳಿಸಿಕೊಂಡ ಅಂಗಡಿಗೆ ಅವನ ಮಗನೂ ಬರುತ್ತಿದ್ದ. ತೂಕದಲ್ಲಿ ಮೋಸವಾದ ದಿನ ಅವನಿಗೆ ಬೇಕಾದದ್ದು ಸರ್ಕಾರಿ ಮುದ್ರೆಯ ತೂಕದ ಕಲ್ಲು ಮತ್ತು ದೂರು ಕೇಳುವ ಒಬ್ಬ ಅಧಿಕಾರಿ, ಅಷ್ಟೇ. ನಿಮ್ಮ ಲೇಖನದ ಉದ್ದಕ್ಕೂ ಅಂಥ ಒಬ್ಬ ಮನುಷ್ಯನೂ ನನಗೆ ಎದುರಾಗಲಿಲ್ಲ.

‘ಸರ್ಕಾರ ದೂರ ಸರಿದಿದ್ದರೆ ಬಳ್ಳಾರಿಯ ಗಣಿಗಳು ತಾವೇ ಸರಿಹೋಗುತ್ತಿದ್ದವು’ ಎಂಬ ಸಾಲು ನನಗೆ ಸಿಟ್ಟು ತರಿಸಿತು. 2011ರ ಜುಲೈನ ಲೋಕಾಯುಕ್ತ ವರದಿಯಲ್ಲಿ ಇದ್ದದ್ದು ಗುತ್ತಿಗೆಯ ಗಡಿ ದಾಟಿ ಅಗೆದ ಅದಿರಿನ, ಪರವಾನಗಿಯಿಲ್ಲದೆ ಸಾಗಿಸಿದ ಅದಿರಿನ ಕಥೆ. ಅದನ್ನು ಕಳವು ಎನ್ನಬೇಕು. ಗಡಿ ಕಾಯಬೇಕಾದ ಅಧಿಕಾರ ಕಣ್ಣು ಮುಚ್ಚಿತು, ಪರವಾನಗಿ ಕೊಡುವ ಅಧಿಕಾರ ಮಾರಾಟಕ್ಕೆ ನಿಂತಿತು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿದಾಗ, ಯಾವ ತಪ್ಪೂ ಮಾಡದ ಲಾರಿ ಚಾಲಕರೂ ಕೂಲಿಗಳೂ ಕೆಲಸ ಕಳೆದುಕೊಂಡರು.

ಈ ಭಾಗವನ್ನು ಪೂರ್ತಿ ಹೊಸದಾಗಿ ಬರೆಯಿರಿ. ಆ ಎರಡು ಅಧಿಕಾರಗಳಲ್ಲಿ ಯಾವುದನ್ನು ಬಲಪಡಿಸಬೇಕು, ಯಾವುದನ್ನು ಮೊಟಕುಗೊಳಿಸಬೇಕು ಎಂಬುದನ್ನು ಗಣಿಯ ಉದಾಹರಣೆಯಲ್ಲೇ ಬಿಡಿಸಿ ಹೇಳಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಲೇಖನಕ್ಕೆ ಜಾಗ ಕಾದಿರಿಸುತ್ತೇನೆ.

— ಸಂಪಾದಕ, ರಾಯಚೂರು