ಪಕ್ಕದ ದೇಶದ ಪ್ರಜಾಪ್ರಭುತ್ವ ಗಡಿ ದಾಟುತ್ತದೆಯೇ?

ಪ್ರಶ್ನೆ: 1989ರಲ್ಲಿ ಪೋಲೆಂಡಿನಲ್ಲಿ ಶುರುವಾದದ್ದು ವರ್ಷ ಮುಗಿಯುವುದರೊಳಗೆ ಪೂರ್ವ ಯೂರೋಪಿನ ಕಮ್ಯುನಿಸ್ಟ್ ಸರ್ಕಾರಗಳನ್ನು ಸಾಲಾಗಿ ಉರುಳಿಸಿತು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋದಂತೆ ಒಂದು ದೇಶದ ಪ್ರಜಾಪ್ರಭುತ್ವ ನೆರೆಯವರಿಗೂ ದಕ್ಕುತ್ತದೆಯೇ? (ಓದುಗರು, ಶಿವಮೊಗ್ಗ)

ಉತ್ತರ: ದಕ್ಕೀತು, ತಾನಾಗಿ ಅಲ್ಲ. ಪೋಲೆಂಡಿನ ಸರ್ಕಾರ ಮತ್ತು ಸಾಲಿಡಾರಿಟಿ ಕಾರ್ಮಿಕ ಸಂಘಟನೆ ಫೆಬ್ರುವರಿ 6ರಿಂದ ಏಪ್ರಿಲ್ 5ರವರೆಗೆ ದುಂಡು ಮೇಜಿನ ಸುತ್ತ ಕೂತು ಸೀಟು ಹಂಚಿಕೊಂಡವು. ಕೆಳಮನೆಯ 460ರಲ್ಲಿ 299 ಸೀಟು ಆಳುವ ಪಕ್ಷಕ್ಕೂ ಅದರ ಮಿತ್ರರಿಗೂ ಮೀಸಲು, 161ಕ್ಕೆ ಮಾತ್ರ ಮುಕ್ತ ಸ್ಪರ್ಧೆ. ಹೊಸದಾಗಿ ರಚಿಸಿದ 100 ಸ್ಥಾನಗಳ ಮೇಲ್ಮನೆ ಸೆನೆಟ್ ಪೂರ್ತಿ ಮುಕ್ತ. ಎರಡು ಸುತ್ತಿನ ಮತದಾನ ಮುಗಿದಾಗ ಸಾಲಿಡಾರಿಟಿಗೆ ಆ 161ಕ್ಕೆ 161, ಸೆನೆಟ್‌ನಲ್ಲಿ 99.

ಅದಕ್ಕಿಂತ ಸ್ವಾರಸ್ಯದ್ದು ಮತಪತ್ರ. ಅಲ್ಲಿ ಬೇಕಾದವರಿಗೆ ಗುರುತು ಹಾಕುವುದಲ್ಲ, ಬೇಡದವರ ಹೆಸರು ಹೊಡೆದುಹಾಕುವುದು. ಮೀಸಲು ಸೀಟುಗಳ ಪೈಕಿ 35ಕ್ಕೆ ಪ್ರಧಾನಿಯೂ ಸೇರಿದಂತೆ ಗಣ್ಯರ 'ರಾಷ್ಟ್ರೀಯ ಪಟ್ಟಿ' ಇತ್ತು. ಎದುರಾಳಿಗಳೇ ಇಲ್ಲ, ಅರ್ಧಕ್ಕಿಂತ ಹೆಚ್ಚು ಮತ ಬಂದರೆ ಸಾಕು. ಜನ ಇಡೀ ಪಟ್ಟಿಗೇ ಗೆರೆ ಎಳೆದರು. 33 ಮಂದಿ ಸೋತರು. ಗೆದ್ದ ಇಬ್ಬರ ಹೆಸರು ಕೆಳತುದಿಯಲ್ಲಿದ್ದುದರಿಂದ ಗೆರೆ ಅಲ್ಲಿಗೆ ಮುಟ್ಟಲಿಲ್ಲ ಎಂಬ ಮಾತಿದೆ. ಎದುರಿಗೆ ಯಾರೂ ಇಲ್ಲದೆ ಸೋಲುವುದಕ್ಕೂ ಯೋಗ ಬೇಕು!

ನೆರೆಯವರು ಕಣ್ಣಿಟ್ಟು ಕಾದದ್ದು ಈ ಎಣಿಕೆಗಲ್ಲ, ಆಮೇಲೆ ಏನಾಗುತ್ತದೆ ಎಂಬುದಕ್ಕೆ. 1956ರಲ್ಲಿ ಬುಡಾಪೆಸ್ಟ್‌ಗೆ, 1968ರಲ್ಲಿ ಪ್ರಾಗ್‌ಗೆ ಸೋವಿಯತ್ ಟ್ಯಾಂಕುಗಳು ನುಗ್ಗಿದ್ದವು. ಈ ಸಲ ಆಗಸ್ಟ್ 24ರಂದು ಸಾಲಿಡಾರಿಟಿಯ ಮಜೊವಿಯೆಟ್ಸ್‌ಕಿ ಪ್ರಧಾನಿಯಾದರೂ ಸೋವಿಯತ್ ನಾಯಕ ಗೋರ್ಬಚೆವ್ ಸೇನೆ ಕಳಿಸಲಿಲ್ಲ. ಗಡಿ ದಾಟಿದ್ದು ಮೊದಲಿಗೆ ಈ ಧೈರ್ಯ. ಪೋಲೆಂಡಿನಲ್ಲಿ ಮೊದಲ ಸುತ್ತಿನ ಮತದಾನ ನಡೆದ ಜೂನ್ 4ರಂದೇ ಬೀಜಿಂಗ್‌ನಲ್ಲಿ ಸರ್ಕಾರ ತನ್ನದೇ ಸೇನೆಯಿಂದ ಜನರ ಮೇಲೆ ಗುಂಡು ಹಾರಿಸಿತು. ಅಲ್ಲಿ ಹೊರಗಿನ ಟ್ಯಾಂಕಿನ ಪ್ರಶ್ನೆಯೇ ಇರಲಿಲ್ಲ.

ಎರಡನೆಯದು ದಾರಿ. ಆಸ್ಟ್ರಿಯಾ ಗಡಿಯಲ್ಲಿ ಹಂಗೆರಿ ಹಾಕಿದ್ದ ಎಚ್ಚರಿಕೆ ತಂತಿಬೇಲಿ ತುಕ್ಕು ಹಿಡಿದು, ಕಾಡುಪ್ರಾಣಿ ತಗುಲಿದರೂ ಗಂಟೆ ಬಾರಿಸುತ್ತಿತ್ತು. ಅದರ ದುರಸ್ತಿಗೆ ದುಡ್ಡು ಸುರಿಯುವ ಮನಸ್ಸು ಸರ್ಕಾರಕ್ಕೆ ಇರಲಿಲ್ಲ. ಮೇ 2ರಿಂದ ಕಿತ್ತುಹಾಕತೊಡಗಿದರು. ರಜೆಗೆಂದು ಹಂಗೆರಿಗೆ ಬಂದ ಪೂರ್ವ ಜರ್ಮನರಿಗೆ ಅದೇ ಬಾಗಿಲಾಯಿತು. ಆಗಸ್ಟ್ 19ರಂದು ಶೋಪ್ರಾನ್ ಊರಿನ ಬಳಿ ಒಂದು ಗಡಿ ಪಿಕ್ನಿಕ್ ನಡೆದಾಗ ಸುಮಾರು 600 ಮಂದಿ ದಾಟಿದರು. ಸೆಪ್ಟೆಂಬರ್ 11ರಿಂದ ಗಡಿಯೇ ತೆರೆಯಿತು. ಪಶ್ಚಿಮ ಜರ್ಮನಿ ಅವರನ್ನು ತನ್ನ ಪ್ರಜೆಗಳೆಂದೇ ಎಣಿಸುತ್ತಿದ್ದರಿಂದ ಹೋದವರು ನಿರಾಶ್ರಿತರಾಗಲಿಲ್ಲ. ಪೂರ್ವ ಜರ್ಮನಿಯಲ್ಲೇ ಉಳಿದವರು ಬೀದಿಗಿಳಿದರು. ಅಕ್ಟೋಬರ್ 9ರಂದು ಲೀಪ್‌ಜಿಗ್‌ನಲ್ಲಿ ಸುಮಾರು 70,000 ಜನ, ಸರಿಯಾಗಿ ತಿಂಗಳಿಗೆ ಬರ್ಲಿನ್ ಗೋಡೆ ಬಿತ್ತು.

ಎಡವಿದ್ದೆಲ್ಲಿ ಎಂದರೆ ರೊಮೇನಿಯಾ. ಮಾತುಕತೆಗೆ ಕೂರಲು ಅಲ್ಲಿ ಸಂಘಟಿತ ವಿರೋಧಿಗಳೇ ಇರಲಿಲ್ಲ. ಸಾವಿರಕ್ಕೂ ಹೆಚ್ಚು ಜೀವ ಹೋದವು. ಡಿಸೆಂಬರ್ 25ರಂದು ಸರ್ವಾಧಿಕಾರಿ ಚೌಷೆಸ್ಕು ದಂಪತಿಯನ್ನು ಗುಂಡಿಟ್ಟು ಕೊಂದರು. ಆದರೆ ಅವರ ಜಾಗದಲ್ಲಿ ಅಧಿಕಾರ ಹಿಡಿದದ್ದು ಅದೇ ಪಕ್ಷದ ಹಳಬರು.

ಪ್ರಶ್ನೆ: ಹಾಗಾದರೆ ಅರಬ್ ದೇಶಗಳಲ್ಲಿ ಯಾಕೆ ಕೈಕೊಟ್ಟಿತು? (ಓದುಗರು, ಮಂಗಳೂರು)

ಉತ್ತರ: ಹರಡಿದ್ದೇನೋ ಮಿಂಚಿನ ಹಾಗೆ. 2011ರ ಜನವರಿ 14ಕ್ಕೆ ಟ್ಯುನೀಷಿಯಾದ ಅಧ್ಯಕ್ಷ ಬೆನ್ ಅಲಿ ಓಡಿಹೋದರು, 28 ದಿನಕ್ಕೆ ಈಜಿಪ್ಟಿನ ಅಧ್ಯಕ್ಷ ಮುಬಾರಕ್ ಇಳಿದರು. ಘೋಷಣೆ ಗಡಿ ದಾಟಲು ಟಿವಿ ಸಾಕು, ಸಂಘಟನೆ ಹಾಗೆ ಬರುವುದಿಲ್ಲ. ಈಜಿಪ್ಟಿನಲ್ಲಿ ಗಟ್ಟಿಯಾಗಿದ್ದದ್ದು ಸೇನೆ ಮತ್ತು ಇಸ್ಲಾಮಿಕ್ ಸಂಘಟನೆ ಮುಸ್ಲಿಂ ಬ್ರದರ್‌ಹುಡ್, ಎರಡೇ. 2013ರ ಜುಲೈ 3ರಂದು ಸೇನೆ, ಚುನಾವಣೆ ಗೆದ್ದು ಆಳುತ್ತಿದ್ದ ಇನ್ನೊಂದನ್ನು ಕೆಳಗಿಳಿಸಿತು. ಬಹರೇನ್‌ನಲ್ಲಂತೂ 1989 ತಲೆಕೆಳಗಾಯಿತು. 2011ರ ಮಾರ್ಚ್ 14ರಂದು ಸೌದಿ ಪಡೆಗಳು ಸುಮಾರು 25 ಕಿ.ಮೀ. ಉದ್ದದ ಕಡಲ ಸೇತುವೆ ದಾಟಿ ಬಂದವು, ದೊರೆಯನ್ನು ಉಳಿಸಲು.

ಪ್ರಶ್ನೆ: ಭಾರತದ ಪಕ್ಕದಲ್ಲೇ ಇದ್ದೂ ನೇಪಾಳ, ಭೂತಾನ್ ಅಷ್ಟು ತಡ ಮಾಡಿದ್ದೇಕೆ? (ಓದುಗರು, ಧಾರವಾಡ)

ಉತ್ತರ: ನೇಪಾಳ ತಡ ಮಾಡಲಿಲ್ಲ, ಗಳಿಸಿ ಕಳೆದುಕೊಂಡಿತು. 1959ರಲ್ಲೇ ಚುನಾವಣೆ ನಡೆದು ಬಿ.ಪಿ. ಕೊಯಿರಾಲ ಪ್ರಧಾನಿಯಾದರು, ಮರುವರ್ಷದ ಡಿಸೆಂಬರ್‌ನಲ್ಲಿ ದೊರೆ ಮಹೇಂದ್ರ ಅವರನ್ನು ಜೈಲಿಗೆ ತಳ್ಳಿದರು. ಮುಂದಿನ 30 ವರ್ಷ ಅವರ ಪಕ್ಷ ನೇಪಾಳಿ ಕಾಂಗ್ರೆಸ್ಸನ್ನು ಉಳಿಸಿದ್ದು ವೀಸಾ ಬೇಡದ ಗಡಿ. ಮುಖಂಡರು ಭಾರತದಲ್ಲಿ ತಲೆಮರೆಸಿಕೊಂಡು ಸಂಘಟನೆ ನಡೆಸಿದರು. 1989ರಲ್ಲಿ ವ್ಯಾಪಾರ ಒಪ್ಪಂದದ ಅವಧಿ ಮುಗಿದು ಭಾರತ 15 ಗಡಿ ಠಾಣೆಗಳಲ್ಲಿ 13ನ್ನು ಮುಚ್ಚಿದಾಗ ಸೀಮೆಎಣ್ಣೆಗೂ ತತ್ವಾರ. 1990ರ ಫೆಬ್ರುವರಿ 18ಕ್ಕೆ ಚಳವಳಿ ಶುರು, ಏಪ್ರಿಲ್ 8ಕ್ಕೆ ದೊರೆ ಬೀರೇಂದ್ರ ಪಕ್ಷಗಳ ಮೇಲಿನ ನಿಷೇಧ ತೆಗೆದರು.

ಭೂತಾನದ್ದು ಉಲ್ಟಾ. ಜನ ಕೇಳದಿದ್ದರೂ ದೊರೆಯೇ ಕೊಟ್ಟದ್ದು. ಓಟು ಹಾಕಿ ರೂಢಿಯಿಲ್ಲದ ಜನರಿಗಾಗಿ 2007ರಲ್ಲಿ ಅಣಕು ಚುನಾವಣೆ ಮಾಡಿಸಿದರು, ಬಣ್ಣಗಳ ಹೆಸರಿನ ನಾಲ್ಕು ಕಲ್ಪಿತ ಪಕ್ಷಗಳಿಟ್ಟು. 47ರಲ್ಲಿ 46 ಸ್ಥಾನ ಹಳದಿ ಪಕ್ಷಕ್ಕೆ. ಹಳದಿ ದೊರೆಯ ಬಣ್ಣ! 2008ರ ಮಾರ್ಚ್ 24ರ ನಿಜವಾದ ಚುನಾವಣೆಗೆ ಮತಯಂತ್ರ ಹೋದದ್ದು ಭಾರತದಿಂದ. ಇಲ್ಲಿ ಇಂಥ ಯಂತ್ರ ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್. ಆಗಲೂ ಒಂದೇ ಪಕ್ಷಕ್ಕೆ 45, ವಿರೋಧ ಪಕ್ಷಕ್ಕೆ ಎರಡೇ ಕುರ್ಚಿ. ಆ ಎರಡು ಕುರ್ಚಿಯ ಪಕ್ಷವೇ 2013ರಲ್ಲಿ 32 ಸ್ಥಾನ ಗೆದ್ದು ಸರ್ಕಾರ ರಚಿಸಿತು.