ಹಲ್ಲಿನ ಎಕ್ಸ್‌ರೇಗೆ ಒಂದೇ ಪ್ಲೇಟನ್ನು ಎಲ್ಲರ ಬಾಯಿಗೂ ಇಡಬಹುದಾ?

ನಿಮ್ಮ ಅಮ್ಮನ ಬಾಯಿಗೆ ಇಟ್ಟ ಎಕ್ಸ್‌ರೇ ಪ್ಲೇಟನ್ನೇ ಆಮೇಲೆ ಇನ್ನೊಬ್ಬರಿಗೂ ಇಟ್ಟರು, ಅದು ಎಂಜಲಲ್ವಾ ಅಂತ ಕೇಳಿದ್ದೀರಿ. ಚಿತ್ರದಲ್ಲಿ ಕಂಡ ಬಿಳಿ ಗೆರೆ ಏನು ಅಂತಲೂ ಕೇಳಿದ್ದೀರಿ. ನಾನು ತುಮಕೂರಿನ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ಅಸಿಸ್ಟೆಂಟ್, ದಿನವಿಡೀ ಈ ಪ್ಲೇಟ್‌ಗಳ ಜೊತೆಗೇ ಕೆಲಸ. ಪ್ಲೇಟು ಅದೇ ಆದರೂ ಪರವಾಗಿಲ್ಲ. ಅದರ ಮೇಲಿನ ಪ್ಲಾಸ್ಟಿಕ್ ಕವರ್ ಮಾತ್ರ ಒಬ್ಬೊಬ್ಬರಿಗೂ ಹೊಸದಾಗಿರಲೇಬೇಕು.

ಇದು ಹಳೇ ಫಿಲ್ಮಿನ ಹಾಗೆ ಒಂದು ಸಲಕ್ಕೆ ಮುಗಿಯುವುದಲ್ಲ. ತೆಳ್ಳಗೆ ಬಾಗುವ ಹಾಳೆ, ದೊಡ್ಡವರಿಗೆ ಸಾಮಾನ್ಯವಾಗಿ ಇಡುವುದು 31 × 41 ಮಿ.ಮೀ. ಅಳತೆಯದು. ಒಂದು ಬದಿಗೆ ಫಾಸ್ಫರ್ ಅನ್ನುವ, ಬೆಳಕು ಸೂಸುವ ವಸ್ತು ಬಳಿದಿರುತ್ತಾರೆ. ಎಕ್ಸ್‌ರೇ ಬಿದ್ದಾಗ ಆ ಶಕ್ತಿ ಒಂದಷ್ಟು ಅದರಲ್ಲೇ ಉಳಿಯುತ್ತದೆ. ಸ್ಕ್ಯಾನರ್‌ನಲ್ಲಿ ಕೆಂಪು ಲೇಸರ್ ಹಾಯಿಸಿದರೆ ಆ ಶಕ್ತಿ ನೀಲಿ ಬೆಳಕಾಗಿ ಹೊರಬರುತ್ತದೆ, ಅದನ್ನು ಅಳೆದು ಕಂಪ್ಯೂಟರ್ ಚಿತ್ರ ಮಾಡುತ್ತದೆ. ಆಮೇಲೂ ಉಳಿದದ್ದನ್ನು ಜೋರು ಬೆಳಕಿನಲ್ಲಿ ಅಳಿಸಿದರೆ ಪ್ಲೇಟು ಮತ್ತೆ ಖಾಲಿ.

ಇನ್ನು ಎಂಜಲಿನ ವಿಷಯ. ಸ್ಟೀಲ್ ಸಾಮಾನಿನ ಹಾಗೆ ಇದನ್ನು ಆಟೋಕ್ಲೇವ್‌ಗೆ, ಅಂದರೆ ಬಿಸಿ ಹಬೆಯಲ್ಲಿ ರೋಗಾಣು ಕೊಲ್ಲುವ ಯಂತ್ರಕ್ಕೆ, ಹಾಕಲು ಬರುವುದಿಲ್ಲ, ಹಾಳಾಗುತ್ತದೆ. ಹಾಗಾಗಿ ಕವರೇ ಕಾವಲು. ಬಾಯಿಂದ ತೆಗೆದ ಮೇಲೆ ಕವರ್ ಒರೆಸಿ, ಅಂಚು ಹರಿದು, ಪ್ಲೇಟು ಕೈಗೆ ತಾಗದ ಹಾಗೆ ಚೊಕ್ಕವಾದ ಟಿಶ್ಯೂ ಮೇಲೆ ಜಾರಿಸಬೇಕು. ಆ ಗ್ಲೌಸ್ ಬಿಚ್ಚಿ ಹಾಕಿ ಆಮೇಲೆ ಸ್ಕ್ಯಾನರ್ ಮುಟ್ಟಬೇಕು. ಜೊತೆಗೆ ಬೇಗನೂ ಮಾಡಬೇಕು, ಯಾಕೆಂದರೆ ಕವರ್ ಬಿಚ್ಚಿದ ಪ್ಲೇಟು ಟ್ಯೂಬ್‌ಲೈಟ್ ಕೆಳಗೆ ಬಿದ್ದಿದ್ದರೆ ಚಿತ್ರ ಮಾಸುತ್ತದೆ. ಜನ ಜಾಸ್ತಿ ಇದ್ದಾಗ ಗ್ಲೌಸ್ ಬದಲಿಸುವುದನ್ನೇ ಬಿಡುವವರಿದ್ದಾರೆ, ನನಗೆ ಸಿಟ್ಟು ಬರುವುದು ಅಲ್ಲೇ. ಕವರ್ ತೂತಾಗಿ ಎಂಜಲು ಒಳಗೆ ಹೋಗಿದ್ದರೆ, ಪ್ಲೇಟಿನ ಕಂಪನಿ ಹೇಳಿದ ದ್ರಾವಣದಿಂದ ಒರೆಸಿ ಒಣಗಿಸದೆ ಇನ್ನೊಬ್ಬರಿಗೆ ಇಡಬಾರದು. ಮುಂದಿನ ಸಲ ಹೋದಾಗ 'ಹೊಸ ಕವರ್ ಹಾಕಿದ್ದೀರಾ, ಸ್ವಲ್ಪ ತೋರಿಸಿ' ಅಂತ ಕೇಳಿ. ಸಂಕೋಚ ಬೇಡ, ಮಧುಗಿರಿ, ಪಾವಗಡದ ಕಡೆಯಿಂದ ಬರುವ ಎಷ್ಟೋ ಅಜ್ಜಿಯರು ನನ್ನನ್ನು ನೇರವಾಗಿ ಕೇಳುತ್ತಾರೆ, ನಾನು ಅವರ ಎದುರಿಗೇ ಹಾಕಿ ತೋರಿಸುತ್ತೇನೆ.

ಆ ಬಿಳಿ ಗೆರೆಯನ್ನು ನಾನು ನೋಡಿಲ್ಲ, ಆದರೆ ಕೂದಲೆಳೆಯಷ್ಟು ಸಣ್ಣಗಿದ್ದು, ಹಲ್ಲು ದಾಟಿ ಪಕ್ಕದ ಖಾಲಿ ಜಾಗಕ್ಕೂ ಹೋಗಿದ್ದರೆ ಅದು ಪ್ಲೇಟಿನ ಗೀರೇ ಇರಬೇಕು. ಗೀರು ಬಿದ್ದ ಕಡೆ ಫಾಸ್ಫರ್ ಇರುವುದಿಲ್ಲ, ಬೆಳಕು ಬರುವುದಿಲ್ಲ, ಬೆಳಕು ಬಾರದ ಜಾಗವನ್ನು ಕಂಪ್ಯೂಟರ್ ಬಿಳಿಯಾಗಿ ತೋರಿಸುತ್ತದೆ. ಹಲ್ಲಿನ ಬಿರುಕು ಎಕ್ಸ್‌ರೇಯಲ್ಲಿ ಕಂಡರೆ ಕಪ್ಪಾಗಿ ಕಾಣುತ್ತದೆ. ಪ್ಲೇಟನ್ನು ಗಟ್ಟಿಯಾಗಿ ಕಚ್ಚಿದರೂ ಇಂಥ ಗುರುತು ಉಳಿಯುತ್ತದೆ, ಆಮೇಲೆ ಬಂದವರ ಚಿತ್ರದಲ್ಲೂ ಅದೇ ಜಾಗದಲ್ಲಿ ಬರುತ್ತಲೇ ಇರುತ್ತದೆ. ಗೆರೆ ನೋವಿರುವ ಹಲ್ಲು ಬಿಟ್ಟು ಬೇರೆಲ್ಲೋ ಇದ್ದರೆ ಅಮ್ಮನಿಗೆ ಮತ್ತೆ ಎಕ್ಸ್‌ರೇ ಬೇಡ. ನೋವಿರುವ ಹಲ್ಲಿನ ಬೇರಿನ ತುದಿಯ ಮೇಲೇ ಇದ್ದರೆ ಡಾಕ್ಟರಿಗೆ ತೋರಿಸಿ, ಬೇರೆ ಪ್ಲೇಟಿನಲ್ಲಿ ಇನ್ನೊಂದು ತೆಗೆಯಬೇಕಾ ಅಂತ ಕೇಳಿ.