ಮುಪ್ಪು ಅರವತ್ತಕ್ಕೇ ಬರುತ್ತದೆ ಅಂದವರು ಯಾರು?

ಪತ್ರ: ನಮ್ಮ ಕಡೆ ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ. ತೋಟದ ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ. ಸರ್ಕಾರ ತಾಲ್ಲೂಕಿಗೊಂದು ವೃದ್ಧಾಶ್ರಮ ಕಟ್ಟಿಸಲಿ, ನೋಡಿಕೊಳ್ಳದ ಮಕ್ಕಳ ಮೇಲೆ ಕೇಸು ಹಾಕಲಿ. ನೀವೇನಂತೀರಿ?
– ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ ತಾಲ್ಲೂಕು

ಮೇಷ್ಟ್ರೇ, ಮೊದಲು ನಿಮ್ಮ ಅಕ್ಷರಕ್ಕೆ ನಮಸ್ಕಾರ. ವೃದ್ಧಾಶ್ರಮ ಬೇಡ ಅನ್ನುವುದಿಲ್ಲ. ದಿಕ್ಕಿಲ್ಲದವರಿಗೆ ಒಂದು ಜಾಗ ಬೇಕೇ ಬೇಕು. ಕೇಸಿಗೂ ಹೆತ್ತವರ, ಹಿರಿಯರ ಪೋಷಣೆಯ 2007ರ ಕಾಯ್ದೆ ಇದೆ. ಎಸಿ, ಅಂದರೆ ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಿದರೆ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಆದರೆ ಹೊಸನಗರ ತಾಲ್ಲೂಕಿನ ಮೂಲೆಯ ಅಜ್ಜಿ ಅದಕ್ಕೆ ಎಸಿ ಕಚೇರಿ ಇರುವ ಸಾಗರಕ್ಕೆ ಹೋಗಬೇಕು. ಹೋಗಿ, ಹೆತ್ತ ಮಗನ ಮೇಲೇ ದೂರು ಕೊಡಬೇಕು. ಕೊಡ್ತಾಳಾ?

ನಿಮ್ಮ ಮೇಲೆ ಚೂರು ಸಿಟ್ಟೂ ಬಂತು. ಕೈಗೆ ಪೆನ್ಷನ್ ಬರುವವರಿಗೆ ಮುಪ್ಪು ಅಂದರೆ ಅರವತ್ತು. ಅಡಿಕೆ ಸುಲಿಯುವ ಹೆಂಗಸರನ್ನು ನೋಡಿ. ಸುಗ್ಗಿಯಲ್ಲಿ ರಾತ್ರಿ ತನಕ ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ. ಕೂಲಿ ಕೆಜಿ ಲೆಕ್ಕ, ಎದ್ದು ನೀರು ಕುಡಿದರೂ ನಷ್ಟ. ನಲವತ್ತೈದಕ್ಕೆ ಸೊಂಟ ಹಿಡಿದಿರುತ್ತದೆ. ಬೆರಳ ತುದಿ ಕಪ್ಪಾಗಿ ಸವೆದು, ರೇಷನ್ ಅಂಗಡಿಯ ಮೆಷಿನ್ನು ಹೆಬ್ಬೆಟ್ಟನ್ನೇ ತಗೊಳ್ಳೋದಿಲ್ಲ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರನೂ ಅಷ್ಟೇ, ಐವತ್ತಕ್ಕೆ ಮರ ಬಿಟ್ಟಿರುತ್ತಾನೆ. ಸರ್ಕಾರದ ಲೆಕ್ಕದಲ್ಲಿ ಇವರಿಗೆ ಅರವತ್ತಾಗಬೇಕು, ಆಗ ತಿಂಗಳಿಗೆ 800 ರೂಪಾಯಿ ವೃದ್ಧಾಪ್ಯ ವೇತನ. 65 ಆದರೆ ಸಂಧ್ಯಾ ಸುರಕ್ಷಾ ಪಿಂಚಣಿ, 1,200. ಅಲ್ಲಿವರೆಗೆ ಏನು ತಿನ್ನೋದು?

ಇನ್ನೂ ಹಿಂದಕ್ಕೆ ಹೋಗಿ. ಮೂಳೆ ಗಟ್ಟಿಯಾಗುವುದು ಹೆಚ್ಚುಕಮ್ಮಿ ಮೂವತ್ತರೊಳಗೆ, ಅದೂ ಹೊಟ್ಟೆಗೆ ಸರಿಯಾಗಿ ಬಿದ್ದರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಬಚ್ಚಲಲ್ಲಿ ಜಾರಿ ಬೀಳುವ ಅಜ್ಜಿಯ ಕಥೆ ಹೈಸ್ಕೂಲಿನಲ್ಲೇ ಶುರುವಾಗಿರುತ್ತದೆ. ಆಗ ಅವಳ ಹಾಜರಿ ಕೂಗಿದವರು ನೀವೇ ಅಲ್ವಾ?

ಜಪಾನಿನಲ್ಲಿ 2000ರಿಂದ ಆರೈಕೆಗೆ ಅಂತಲೇ ಒಂದು ವಿಮೆ ಇದೆ. ನಲವತ್ತು ತುಂಬಿತೋ, ಕಂತು ಕಟ್ಟಲು ಶುರು ಮಾಡಬೇಕು. ಮುಂದೆ ಕೈಕಾಲು ಆಡದಾಗ ಮನೆಗೇ ಬಂದು ಸ್ನಾನ ಮಾಡಿಸುವವರು ಸಿಗುತ್ತಾರೆ. ನಮ್ಮಲ್ಲಿ? ನಲವತ್ತು ದಾಟಿದರೆ ಕೇಂದ್ರ ಸರ್ಕಾರದ ಅಟಲ್ ಪಿಂಚಣಿ ಯೋಜನೆಗೆ ಸೇರುವಂತೆಯೇ ಇಲ್ಲ. ಅಸಂಘಟಿತ ಕಾರ್ಮಿಕರ ಪಿಂಚಣಿ ಯೋಜನೆ ಶ್ರಮಯೋಗಿ ಮಾನ್‌ಧನ್‌ದೂ ಅದೇ ಕತೆ. ಅವರು ಬಾಗಿಲು ತೆರೆಯುವ ವಯಸ್ಸಿಗೆ ನಾವು ಚಿಲಕ ಹಾಕುತ್ತೇವೆ.

ಮಾತು ಬಂತು ಅಂತ ಹೇಳಿಬಿಡುತ್ತೇನೆ. 2020ರ ಮಾರ್ಚ್‌ನಲ್ಲಿ ಕೊರೊನಾ ಹೆಸರಲ್ಲಿ ರೈಲಿನ ಹಿರಿಯರ ರಿಯಾಯಿತಿ ನಿಲ್ಲಿಸಿದರು. ಕೊರೊನಾ ಹೋಯಿತು, ರಿಯಾಯಿತಿ ವಾಪಸ್ ಬರಲಿಲ್ಲ. ಬ್ಯಾಂಕಿನಲ್ಲಿ ಏನು ಕೇಳಿದರೂ ಒಟಿಪಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದು ಬರಬೇಕಾದರೆ ಗುಡ್ಡ ಹತ್ತಬೇಕು. ಎಪ್ಪತ್ತರ ಮಂಡಿ ಇಟ್ಟುಕೊಂಡು! ಇದನ್ನೆಲ್ಲ ರೂಪಿಸುವವರಿಗೆ ಅಜ್ಜ ಅಜ್ಜಿ ಇರಲೇ ಇಲ್ಲವೇನೋ.

ಇರಲಿ. ನಿಮ್ಮ ಹಳೇ ವಿದ್ಯಾರ್ಥಿಗಳಲ್ಲಿ ಕೂಲಿಗೆ ಹೋಗುವವರು, ನಲವತ್ತಾಗದವರು ಇದ್ದೇ ಇರುತ್ತಾರೆ. ನೀವು ಹೇಳಿದರೆ ಕೇಳುತ್ತಾರೆ. ಈ ವಾರವೇ ನಾಲ್ಕು ಜನರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಅಟಲ್ ಪಿಂಚಣಿಗೆ ಸೇರಿಸಿ. ಮ್ಯಾನೇಜರ್ ಏನಂದರು ಅಂತ ಬರೆಯಿರಿ, ಅಚ್ಚು ಹಾಕುತ್ತೇನೆ.